ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಕುಟುಂಬ ಯೋಜನಾ ಸೇವೆ: ಶುಶ್ರೂಷಕಿಯರ ಪಾತ್ರ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ತರೀಕೆರೆಯಿಂದ ಬೇರ್ಪಟ್ಟು ರಚನೆಯಾದ ಅಜ್ಜಂಪುರ ತಾಲ್ಲೂಕುಗಳಲ್ಲಿ ಕುಟುಂಬ ಯೋಜನಾ ಸೇವೆಗಳನ್ನು ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಒದಗಿಸಲಾಗುತ್ತದೆ. ಸೇವೆ ಬಯಸುವ ದಂಪತಿಗಳು ಮೊದಲು ಕಾಣಬೇಕಾದವರು ತಮ್ಮ ಉಪಕೇಂದ್ರದ ಶುಶ್ರೂಷಕಿ. ಇವರ ಪದನಾಮ ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿದ್ದು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷತಾಧಿಕಾರಿ ಎಂದಾಗಿದೆ. ಹಳ್ಳಿಯವರ ಬಾಯಲ್ಲಿ ಅವರು ಇಂದಿಗೂ ನರ್ಸಮ್ಮನೇ. ಬಯಲು ಪ್ರದೇಶದಲ್ಲಿ 5,000 ಮತ್ತು ಗುಡ್ಡಗಾಡು ಪ್ರದೇಶದಲ್ಲಿ 3,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ನಿಗದಿತ ಮಾನದಂಡವಾಗಿದೆ.

ಈ ಸೇವೆ ನಾಡಿಗೆ ಹೊಸತಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿಯೇ, ಅಂದರೆ 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಸಿಬ್ಬಂದಿಗೆ ಇಂತಿಷ್ಟು ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಗುರಿ ನಿಗದಿಪಡಿಸುವ ಪದ್ಧತಿಯನ್ನು 1996ರಲ್ಲಿ ಕೈಬಿಡಲಾಯಿತು. ಆದ್ದರಿಂದ ಯಾವುದೇ ವಿಧಾನವನ್ನು ಒತ್ತಾಯಿಸಲು ಶುಶ್ರೂಷಕಿಗೆ ಅಧಿಕಾರವಿಲ್ಲ. ಎಲ್ಲ ವಿಧಾನಗಳನ್ನು ತಿಳಿಸಿ, ಆಯ್ಕೆಯನ್ನು ದಂಪತಿಗಳಿಗೆ ಬಿಡುವುದು ಅವರ ಕರ್ತವ್ಯವಾಗಿರುತ್ತದೆ. ಶಸ್ತ್ರಚಿಕಿತ್ಸೆಗೆ ಪತಿಯ ಅಥವಾ ಪತ್ನಿಯ ಸಹಿ ಕಡ್ಡಾಯವಲ್ಲ. ಮಾಡಿಸಿಕೊಳ್ಳುವವರ ಒಪ್ಪಿಗೆಯೇ ಸಾಕು. ಈ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ.

ನಿರೋಧ್, ಮಾಲಾ-ಎನ್ ಮತ್ತು ಛಾಯಾ ಮಾತ್ರೆಗಳು ಶುಶ್ರೂಷಕಿಯರ ಬಳಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ದೊರೆಯುತ್ತವೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೆ ಒಂದು ಬಾರಿ ಸೇವಿಸತಕ್ಕದ್ದು. ಹಾಲುಣಿಸುವ ತಾಯಂದಿರು ಇದನ್ನು ಬಳಸಬಹುದು. ಮಾಲಾ-ಎನ್ ಅನ್ನು ಹಾಲುಣಿಸುವ ತಾಯಂದಿರು ಹೆರಿಗೆಯಾದ ಆರು ತಿಂಗಳವರೆಗೆ ಬಳಸಬಾರದು. ಕಾಪರ್-ಟಿಯನ್ನು ತರಬೇತಿ ಪಡೆದ ಶುಶ್ರೂಷಕಿಯರು ಅಳವಡಿಸುತ್ತಾರೆ. ಇದನ್ನು ಹೆರಿಗೆಯಾದ 48 ಗಂಟೆಗಳೊಳಗೆ, ತಪ್ಪಿದಲ್ಲಿ ಆರು ವಾರಗಳ ನಂತರ ಹಾಕಿಸಿಕೊಳ್ಳಬಹುದು. ಕಾಪರ್-ಟಿ 380ಎ ಹತ್ತು ವರ್ಷ, 375 ಐದು ವರ್ಷ ಫಲಕಾರಿ. ಬೇಡವೆನಿಸಿದಾಗ ತೆಗೆಸಿಕೊಳ್ಳಬಹುದು, ಅದಕ್ಕೆ ಅವಧಿ ಮುಗಿಯುವವರೆಗೆ ಕಾಯಬೇಕಾಗಿಲ್ಲ.

2017ರಲ್ಲಿ ಆರಂಭಗೊಂಡ ಅಂತರ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ನೀಡಲಾಗುತ್ತದೆ. ಮೊದಲ ಬಾರಿ ವೈದ್ಯರು ಪರೀಕ್ಷಿಸತಕ್ಕದ್ದು. ಮುಂದಿನವುಗಳನ್ನು ತರಬೇತಿ ಪಡೆದ ಶುಶ್ರೂಷಕಿಯರೇ ನೀಡುತ್ತಾರೆ. ನಿಗದಿತ ದಿನಕ್ಕಿಂತ ಎರಡು ವಾರ ಮೊದಲು ಅಥವಾ ನಾಲ್ಕು ವಾರ ತಡವಾಗಿ ಪಡೆದರೂ ಬಾಧಕವಿಲ್ಲ. ತೊಡಕು ಬರುವುದು ಊರು ಬದಲಾಯಿಸಿದಾಗ. ಬಾಣಂತನಕ್ಕೆ ತವರಿಗೆ ಹೋದವರು, ಕಾಫಿ ಕೊಯ್ಲಿನ ಕೂಲಿಗೆ ಮಲೆನಾಡಿನ ತೋಟಗಳಿಗೆ ಹೋದವರು ಚುಚ್ಚುಮದ್ದಿನ ಕಾರ್ಡನ್ನು ಮನೆಯಲ್ಲಿಯೇ ಬಿಟ್ಟಿರುತ್ತಾರೆ. ಹಿಂದಿನ ಚುಚ್ಚುಮದ್ದಿನ ದಿನಾಂಕ ತಿಳಿಯದೆ ಅಲ್ಲಿನ ಶುಶ್ರೂಷಕಿ ಮುಂದಿನದನ್ನು ನೀಡುವುದು ಕಷ್ಟ. ಹೊರಡುವ ಮುನ್ನ ಶುಶ್ರೂಷಕಿಗೆ ತಿಳಿಸಿ, ಕಾರ್ಡನ್ನು ಜೊತೆಯಲ್ಲಿ ಒಯ್ಯಬೇಕು. ಯಾವುದೇ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸೇವೆ ಮುಂದುವರಿಸಬಹುದಾಗಿದೆ.

ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನು ತರಬೇತಿ ಪಡೆದ ವೈದ್ಯರೇ ನೆರವೇರಿಸುತ್ತಾರೆ. ವಿವಾಹಿತ ಮಹಿಳೆಯ ವಯಸ್ಸು 22 ರಿಂದ 49 ವರ್ಷದೊಳಗಿದ್ದು, ಒಂದು ವರ್ಷ ಮೀರಿದ ಒಂದು ಮಗುವಾದರೂ ಇರಬೇಕು. ಅರ್ಹತೆಯ ಪರಿಶೀಲನೆ, ರಕ್ತ ಹಾಗೂ ಮೂತ್ರ ಪರೀಕ್ಷೆ, ಒಪ್ಪಿಗೆ ಪತ್ರವನ್ನು ಓದಿ ವಿವರಿಸುವುದು, ಮನೆಗೆ ಮರಳಿದ ಮೇಲೆ ಗಾಯದ ಆರೈಕೆ, ಇವೆಲ್ಲದರಲ್ಲಿ ಶುಶ್ರೂಷಕಿಯರ ಪಾಲಿದೆ. ರಾಜ್ಯದಲ್ಲಿ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಈ ಶಸ್ತ್ರಚಿಕಿತ್ಸೆಗೆ ಒಳಗಾಗಿರುವುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದಿದ್ದು, ಪುರುಷರ ಪಾಲು ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಿದೆ. ಪುರುಷರಿಗೆ ಹೊಲಿಗೆಯಿಲ್ಲದ ನೋ-ಸ್ಕಾಲ್‌ಪೆಲ್ ವಿಧಾನವಿದ್ದು, ಅದು ಮಹಿಳೆಯರ ಶಸ್ತ್ರಚಿಕಿತ್ಸೆಗಿಂತ ಸರಳ. ಆದರೆ ಅದಾದ ಮೂರು ತಿಂಗಳವರೆಗೆ ನಿರೋಧ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸತಕ್ಕದ್ದು.

ಪ್ರಮಾಣಪತ್ರವನ್ನು ಶಸ್ತ್ರಚಿಕಿತ್ಸೆಯ ದಿನವೇ ನೀಡುವುದಿಲ್ಲ. ಮಹಿಳೆಯರಿಗೆ ಒಂದು ತಿಂಗಳ ನಂತರ ಅಥವಾ ಮುಂದಿನ ಮುಟ್ಟಿನ ನಂತರ, ಪುರುಷರಿಗೆ ವೀರ್ಯ ಪರೀಕ್ಷೆಯ ನಂತರ ನೀಡಲಾಗುತ್ತದೆ. ಹೊಲಿಗೆ ಬಿಚ್ಚಿಸಿದ ಮೇಲೆ ಅನೇಕರು ಆಸ್ಪತ್ರೆಯತ್ತ ಬರುವುದೇ ಇಲ್ಲ; ಪ್ರಮಾಣಪತ್ರ ಉಳಿದುಹೋಗುತ್ತದೆ. ಅಪರೂಪಕ್ಕೆ ಶಸ್ತ್ರಚಿಕಿತ್ಸೆ ವಿಫಲವಾಗಿ ಗರ್ಭ ನಿಂತಾಗ ಕುಟುಂಬ ಯೋಜನಾ ಪರಿಹಾರ ಯೋಜನೆಯಡಿ ಅರ್ಜಿ ಸಲ್ಲಿಸಲು ಅದೇ ಪ್ರಮುಖ ದಾಖಲೆ. ಮರಣ ಹಾಗೂ ತೊಡಕುಗಳಿಗೂ ಸದರಿ ಯೋಜನೆ ಅನ್ವಯಿಸುತ್ತದೆ. ಅರ್ಜಿಯನ್ನು ಘಟನೆಯ 90 ದಿನಗಳೊಳಗೆ ಸಲ್ಲಿಸತಕ್ಕದ್ದು. ಶಸ್ತ್ರಚಿಕಿತ್ಸೆಯ ನಂತರ ಮುಟ್ಟು ತಪ್ಪಿದಲ್ಲಿ ನಾಚಿಕೆಯಿಂದ ಸುಮ್ಮನಿರದೆ ಎರಡು ವಾರಗಳೊಳಗೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂದು ಒಪ್ಪಿಗೆ ಪತ್ರದಲ್ಲಿಯೇ ನಮೂದಿಸಲಾಗಿದೆ.

ಶಸ್ತ್ರಚಿಕಿತ್ಸೆಯ ನಿಗದಿತ ದಿನಗಳನ್ನು ಹಾಗೂ ಪರಿಹಾರಧನದ ವಿವರಗಳನ್ನು ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಲ್ಲಿ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ.