ಓಗೊಡದಿದ್ದರೆ ಸತ್ತಂತೆಯೇ?

ಊರಿನಲ್ಲಿ ಕತ್ತಲಾದರೆ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಹುಣಸೆಮರದ ಕಡೆಯಿಂದ ನಾನು ‘ಓ’ ಅಂದರೆ ಸಾಕು, ಒಳಗೆ ಹೋಗುತ್ತಿದ್ದಳು. ಪುಣೆಗೆ ಬಂದು ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ನಾನು ಮೊದಲು ಕಲಿತ ಕಮಾಂಡ್ ಕೂಡ ಅಂಥದ್ದೇ: ಪಿಂಗ್. ವಿಳಾಸ ಹಿಡಿದು ಕೂಗುವುದು, ಯಂತ್ರ ಓಗೊಡುತ್ತದೆಯೇ ನೋಡುವುದು.

ಈ ಕಮಾಂಡ್ ಹುಟ್ಟಿದ್ದು 1983ರ ಡಿಸೆಂಬರಿನಲ್ಲಿ. ಆ ವರ್ಷದ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಹಳೆಯ ಪ್ರೋಟೋಕಾಲ್ ಬಿಟ್ಟು ಟಿಸಿಪಿ/ಐಪಿಗೆ ಬದಲಾಗಿತ್ತು. ಮೇರಿಲ್ಯಾಂಡಿನ ಅಬರ್ಡೀನಿನಲ್ಲಿದ್ದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿ ಮೈಕ್ ಮ್ಯೂಸ್ ಕೆಲಸ ಮಾಡುತ್ತಿದ್ದರು. ಅಲ್ಲಿನ ನೆಟ್‌ವರ್ಕ್ ಒಂದು ದಿನ ವಿಚಿತ್ರವಾಗಿ ವರ್ತಿಸತೊಡಗಿತು. ಜುಲೈನಲ್ಲಿ ನಾರ್ವೆಯ ಸಭೆಯೊಂದರಲ್ಲಿ ಡೇವಿಡ್ ಮಿಲ್ಸ್ ಹೇಳಿದ್ದ ಮಾತು ಅವರಿಗೆ ನೆನಪಾಯಿತು: ಪ್ರತಿಧ್ವನಿಯ ಪ್ಯಾಕೆಟ್ ಕಳಿಸಿ, ಅದು ಮರಳುವ ಹೊತ್ತನ್ನು ಅಳೆಯಬಹುದು. ಆ ಪ್ರತಿಧ್ವನಿಯ ನಿಯಮವನ್ನು ಜಾನ್ ಪೋಸ್ಟೆಲ್ 1981ರಲ್ಲೇ ಐಸಿಎಂಪಿ ಎಂಬ ಪ್ರೋಟೋಕಾಲಿನಲ್ಲಿ ಬರೆದಿಟ್ಟಿದ್ದರು.

ಮ್ಯೂಸ್ ಪ್ರೋಗ್ರಾಂ ಬರೆದರು, ಓಡಲಿಲ್ಲ. ಅಂಥ ಪ್ಯಾಕೆಟ್ ಕಳಿಸಲು ಯೂನಿಕ್ಸಿನ ಕರ್ನಲ್‌ನಲ್ಲಿ ದಾರಿಯೇ ಇರಲಿಲ್ಲ. ಸಿಟ್ಟಿನಿಂದ ಅದನ್ನೂ ಬರೆದು, ಬೆಳಗಾಗುವ ಮೊದಲೇ ಎಲ್ಲ ಮುಗಿಸಿದರು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಕೆಟ್ಟಿದ್ದ ಹಾರ್ಡ್‌ವೇರನ್ನು ಹುಡುಕಿ ಸರಿಮಾಡಿಬಿಟ್ಟಿದ್ದರು! ಆ ರಾತ್ರಿಯ ತೊಂದರೆಗೆ ಪಿಂಗ್ ಬೇಕಾಗಲೇ ಇಲ್ಲ. ಹೆಸರು ಮಾತ್ರ ಸೋನಾರಿನ ಸದ್ದಿನಿಂದ ಬಂದದ್ದು; ನೀರೊಳಗೆ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುವ ಆ ಯಂತ್ರದ ಬಗ್ಗೆ ಮ್ಯೂಸ್ ಕಾಲೇಜಿನಲ್ಲಿ ಕೆಲಸ ಮಾಡಿದ್ದರು. 2000ದ ನವೆಂಬರಿನಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

1989ರಲ್ಲಿ ಬಂದ ಆರ್‌ಎಫ್‌ಸಿ 1122, ಇಂಟರ್‌ನೆಟ್ಟಿನ ಪ್ರತಿ ಯಂತ್ರವೂ ಈ ಕರೆಗೆ ಓಗೊಡುವಂತಿರಬೇಕು ಎಂದು ನಿಯಮ ಮಾಡಿತು. ಒಬ್ಬರನ್ನೊಬ್ಬರು ನಂಬುತ್ತಿದ್ದ ಕಾಲ ಅದು. 1990ರ ದಶಕ ಮುಗಿಯುವ ಹೊತ್ತಿಗೆ ಇದೇ ಪ್ಯಾಕೆಟ್‌ಗಳ ಪ್ರವಾಹ ಹರಿಸಿ ಯಂತ್ರಗಳನ್ನು ಮುಳುಗಿಸುವವರು ಹುಟ್ಟಿಕೊಂಡರು. ಅನೇಕರು ಫೈರ್‌ವಾಲ್ ಹಾಕಿ ಪಿಂಗ್ ತಡೆದರು. ಬದುಕಿದ್ದೂ ಸುಮ್ಮನಿರುವುದನ್ನು ಯಂತ್ರಗಳು ಕಲಿತದ್ದು ಹೀಗೆ.

ಈ ಚರಿತ್ರೆ ನನಗೆ ಮೊದಲೇ ಗೊತ್ತಿದ್ದರೆ ಒಂದು ರಾತ್ರಿಯ ತಪ್ಪು ತಪ್ಪುತ್ತಿತ್ತು. ರಾತ್ರಿಪಾಳಿಯಲ್ಲಿ ಒಬ್ಬನೇ ಇದ್ದೆ. ಒಂದು ಸರ್ವರ್ ಪಿಂಗ್‌ಗೆ ಓಗೊಡಲಿಲ್ಲ. ಸತ್ತಿದೆ ಎಂದು ತೀರ್ಮಾನಿಸಿ ಪವರ್ ತೆಗೆಸಿ ಮತ್ತೆ ಹಾಕಿಸಿದೆ. ಅದು ಸತ್ತಿರಲಿಲ್ಲ; ಅಂದು ಸಂಜೆಯಷ್ಟೇ ಅದರ ಫೈರ್‌ವಾಲ್ ಬದಲಾಗಿತ್ತು. ಒಳಗೆ ಬ್ಯಾಕಪ್ ಓಡುತ್ತಿತ್ತು, ಅರ್ಧಕ್ಕೇ ಕಡಿಯಿತು. ಸರಿಮಾಡಲು ಮೂರು ದಿನ ಹಿಡಿಯಿತು. ನನ್ನ ಹಿರಿಯರು ಬೈಯಲಿಲ್ಲ. ಅದು ಸತ್ತಿದೆ ಎಂದು ನಿನಗೆ ಯಾರು ಹೇಳಿದರು ಎಂದಷ್ಟೇ ಕೇಳಿದರು.

ಆಮೇಲೆ ಅವರೇ ಕ್ರಮ ಕಲಿಸಿದರು. ಮೊದಲು 127.0.0.1, ಅಂದರೆ ನಿನ್ನನ್ನೇ ಕೂಗಿಕೊ. ನಂತರ ಗೇಟ್‌ವೇ. ಯಂತ್ರ ಅದೇ ಜಾಲದಲ್ಲಿದ್ದರೆ ಎಆರ್‌ಪಿ ಪಟ್ಟಿ ನೋಡು. ಪಿಂಗ್ ತಡೆದ ಯಂತ್ರವೂ ಸಾಮಾನ್ಯವಾಗಿ ಅಲ್ಲಿ ಸಿಕ್ಕಿಬೀಳುತ್ತದೆ. ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತಟ್ಟು. ಪಿಂಗ್ ಓಗೊಟ್ಟರೂ ಹಿಗ್ಗಬೇಡ: ಓ ಅನ್ನುವುದು ಕರ್ನಲ್, ಅದರ ಮೇಲಿನ ವೆಬ್ ಸರ್ವರ್ ಯಾವತ್ತೋ ನಿಂತಿರಬಹುದು.

ಈಗ ಊರಿನಲ್ಲಿ ಅಮ್ಮ ಒಬ್ಬಳೇ. ಕೆಲವು ರಾತ್ರಿ ಫೋನ್ ಎತ್ತುವುದಿಲ್ಲ. ಮೊದಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಪಕ್ಕದ ಮನೆಯ ಅತ್ತೆಗೆ ಫೋನ್ ಮಾಡುತ್ತೇನೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾಳೆ, ಫೋನ್ ಒಳಗಿದೆ ಅನ್ನುತ್ತಾರೆ. ಹಾಗಿದ್ದರೂ ಒಮ್ಮೆ ಕೂಗಿ ಕರೆಯಿರಿ ಅನ್ನುತ್ತೇನೆ. ದೂರದಿಂದ ಅವಳ ‘ಓ’ ಕೇಳಿಸುತ್ತದೆ.