ಏಳು ದಿನದ ದೇವರು

ದೇವರುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗುಡಿಯಿಂದ ತೊಡಗುತ್ತಾರೆ. ಗುಡಿಯಿದ್ದಲ್ಲಿ ಶಾಸನವಿರುತ್ತದೆ, ದತ್ತಿಯಿರುತ್ತದೆ, ಪೂಜಾರಿಗಳ ವಂಶಾವಳಿಯಿರುತ್ತದೆ. ಭೀಮಾ-ಅಮರಜಾ ಸಂಗಮದ ಗಾಣಗಾಪುರದಲ್ಲಿ ದತ್ತಪಾದುಕೆಗಳಿವೆ, ಅದರ ಮಹಿಮೆಯನ್ನು ಸಾರುವ ಗುರುಚರಿತ್ರೆಯಿದೆ. ಘತ್ತರಗಿಯಲ್ಲಿ ಹೆಸರಿನಲ್ಲಿಯೇ ಭಾಗ್ಯವನ್ನು ಹೊತ್ತ ಭಾಗ್ಯವಂತಿ ನೆಲೆಸಿದ್ದಾಳೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯ ಒಕ್ಕಲು ಬಲ್ಲ ಇನ್ನೊಬ್ಬ ಭಾಗ್ಯದಾತನಿಗೆ ಕಲ್ಲಿನ ಗುಡಿಯಿಲ್ಲ, ಇನಾಮು ಭೂಮಿಯಿಲ್ಲ. ಅವನ ಗುಡಿ ಒಂದು ಬುಟ್ಟಿ. ಅವನ ಆಯುಷ್ಯ ಏಳು ದಿನ. ಅವನೇ ಜೋಕುಮಾರ.

ಭಾದ್ರಪದ ಶುದ್ಧ ಅಷ್ಟಮಿಯಂದು ಹಸಿಮಣ್ಣಿನಲ್ಲಿ ಅವನ ಜನನ. ಅಗಲವಾದ ಕಣ್ಣು, ಹುರಿಮೀಸೆ, ತೆರೆದ ಬಾಯಿ, ಮುಚ್ಚುಮರೆಯಿಲ್ಲದ ಪುರುಷಚಿಹ್ನೆ. ಬೇವಿನ ಸೊಪ್ಪಿನ ನಡುವೆ ಅವನನ್ನು ಕುಳ್ಳಿರಿಸಿ, ಬಾಯಿಗೆ ಬೆಣ್ಣೆ ಸವರಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೆಂಗಸರು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಪ್ರತಿಯಾಗಿ ಬೇವಿನೆಲೆಯೋ ಅಂಬಲಿಯೋ ದೊರೆಯುತ್ತದೆ. ಅದನ್ನು ಹೊಲದಲ್ಲಿ ಚರಗ ಚೆಲ್ಲಿದರೆ ಪೈರು ಹುಲುಸಾಗುವುದೆಂಬ ನಂಬಿಕೆ.

ಈ ದೇವರು ಸಂಭಾವಿತನಲ್ಲ, ತುಂಟ, ಹೆಣ್ಣುಮರುಳ. ಅಗಸರ ಹುಡುಗಿಯ ಬೆನ್ನುಹತ್ತಿ ಅಗಸರ ಕೈಯಲ್ಲಿ ಸತ್ತನೆಂದು ಕಥೆ. ಹುಣ್ಣಿಮೆಯ ರಾತ್ರಿ ಅವನ ಮರಣವನ್ನೂ ಜನ ನಡೆಸಿಕೊಡುತ್ತಾರೆ. ಆದರೂ ಅವನ ಮಾತಿಗೆ ಕೈಲಾಸದಲ್ಲಿ ಬೆಲೆಯುಂಟು. ಕೆಲವೇ ದಿನ ಮೊದಲು ಬಂದ ಗಣಪತಿ ಕಡಬು ಉಂಡು ಹಿಂದಿರುಗಿ, ಭೂಲೋಕವೆಲ್ಲ ಕ್ಷೇಮವೆಂದು ತಂದೆತಾಯಿಗಳಿಗೆ ಹೇಳುತ್ತಾನಂತೆ. ಜೋಕುಮಾರನಾದರೋ ಒಣಗಿದ ಹೊಲ, ಬರಿದಾದ ಕಣಜಗಳನ್ನು ಕಂಡು ಹೋಗಿ ಶಿವನಿಗೆ ಇದ್ದುದನ್ನು ಇದ್ದಂತೆ ಅರುಹುತ್ತಾನೆ, ಆಗ ಮಳೆಯಾಗುತ್ತದೆ. ಉಂಡ ಮನೆಯ ಸುಖವನ್ನೇ ನಾಡಿನ ಸುಖವೆಂದು ಬಗೆಯುವ ವರದಿಗಾರರು ದೇವಲೋಕಕ್ಕೂ ಹೊಸಬರಲ್ಲ!

ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಅವನು ಬರುವ ಕಾಲವನ್ನು ನೋಡಿ: ಹುಬ್ಬಿ, ಉತ್ತರಿ ಮಳೆಗಳ ಸಮಯ. ಭೀಮಾತೀರದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಮುಂದಿದೆ. ನೆಲದಲ್ಲಿ ತೇವ ನಿಂತರೆ ವರ್ಷದ ರೊಟ್ಟಿ, ಇಲ್ಲವಾದರೆ ಸಾಲ, ಗುಳೆ. ಮಳೆಯನ್ನೇ ನಂಬಿದ ರೈತನಿಗೆ ಅದೃಷ್ಟವೆಂದರೆ ಆಕಸ್ಮಿಕ ಲಾಭವಲ್ಲ, ತನ್ನ ಅಹವಾಲು ತಲುಪಬೇಕಾದಲ್ಲಿಗೆ ತಲುಪುವುದು.

ಆ ಅಹವಾಲನ್ನು ಹೊರುವವರು ಯಾರು? ಅಂಬಿಗ, ಕಬ್ಬಲಿಗ, ಬಾರಿಕ, ತಳವಾರ ಎಂದು ಊರೂರಿಗೆ ಬೇರೆ ಹೆಸರಿನಿಂದ ಕರೆಯಿಸಿಕೊಳ್ಳುವ ಗಂಗಾಮತಸ್ಥರ ಮನೆಯ ಹೆಂಗಸರು. ಹೊಳೆ ದಾಟಿಸುವುದು, ಮೀನು ಹಿಡಿಯುವುದು, ಊರು ಕಾಯುವುದು ಈ ಜನರ ಹಳೆಯ ಕಸುಬುಗಳು. 12ನೆಯ ಶತಮಾನದಲ್ಲಿ ನಿಷ್ಠುರ ವಚನಗಳನ್ನು ನುಡಿದ ಅಂಬಿಗರ ಚೌಡಯ್ಯನೂ ಇದೇ ಕಾಯಕದವನು. ನೀರಿನೊಡನೆ ಬದುಕಿದವರ ಹೆಣ್ಣುಮಕ್ಕಳೇ ಮಳೆಯ ದೂತನಿಗೆ ಅರ್ಚಕಿಯರಾದುದು ಎಷ್ಟು ಸಹಜ! ಮಂತ್ರದ ಸ್ಥಾನದಲ್ಲಿ ಅವರಿಗೆ ಹಾಡಿದೆ. ಅದನ್ನು ಅತ್ತೆಯಿಂದ ಸೊಸೆ, ತಾಯಿಯಿಂದ ಮಗಳು ಕಲಿಯುತ್ತಾರೆ.

1972ರಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಈ ದೇವರನ್ನು ಪಟ್ಟಣದ ರಂಗಭೂಮಿಗೆ ಕರೆತಂದಿತು. ಉಳುವವನಿಗೂ ಗೌಡನಿಗೂ ನಡುವಣ ನೆಲದ ವ್ಯಾಜ್ಯದಲ್ಲಿ ಅವನನ್ನು ನಿಲ್ಲಿಸಿತು. ನಾವು ನಾಟಕವನ್ನು ಮೆಚ್ಚಿದೆವು. ಬುಟ್ಟಿ ಹೊತ್ತವಳು ಮಾತ್ರ ನಮ್ಮ ಕಣ್ಣಿಗೆ ಬೇಡಲು ಬಂದವಳಾಗಿಯೇ ಉಳಿದಳು.

ಚರಿತ್ರೆ ತಿದ್ದಿಕೊಳ್ಳಬೇಕಾದ ತಪ್ಪು ಇದೇ. ಗುಡಿಯ ಅರ್ಚಕನಿಗೆ ಸಲ್ಲುವ ಧಾನ್ಯ ದಕ್ಷಿಣೆಯಾದರೆ, ಈಕೆಗೆ ಸಲ್ಲುವ ಮೊರದ ಜೋಳ ಭಿಕ್ಷೆ ಹೇಗಾದೀತು? ಆಕೆ ಕೊಟ್ಟೇ ಪಡೆಯುವವಳು. ಶಾಸನದಲ್ಲಿ ಹೆಸರಿಲ್ಲವೆಂಬ ಮಾತ್ರಕ್ಕೆ ಪೌರೋಹಿತ್ಯ ಭಿಕ್ಷಾಟನೆಯಾಗುವುದಿಲ್ಲ. ಕಲ್ಲಿನಲ್ಲಿ ಬರೆದುದನ್ನು ನಾಳೆಯೂ ಓದಬಹುದು. ಹಾಡಿನಲ್ಲಿ ಉಳಿದುದನ್ನು ಹಾಡುವವರು ಇರುವಾಗಲೇ ಕೇಳಿಸಿಕೊಳ್ಳಬೇಕು. ಮುಂದಿನ ಭಾದ್ರಪದದಲ್ಲಿ ಬಾಗಿಲಲ್ಲಿ ಆ ಹಾಡು ಕೇಳಿಬಂದರೆ ಮೊರ ತುಂಬಿ ತನ್ನಿ. ಆದರೆ ಜೋಳ ನೀಡುವ ಮುನ್ನ ಹಾಡನ್ನು ಕೊನೆಯವರೆಗೆ ಕೇಳಿ.