ಫುಲ್ ಟ್ಯಾಂಕ್ ಹಾಕಿಸಿದರೆ ಸಿಡಿಯುತ್ತದೆಯೇ? ಅಪಾಯ ಇರುವುದು ಖಾಲಿ ಜಾಗದಲ್ಲಿ!

"ಬಿಸಿಲು ಜಾಸ್ತಿ, ಫುಲ್ ಟ್ಯಾಂಕ್ ಹಾಕಿಸಬೇಡಿ, ಸ್ಫೋಟವಾಗುತ್ತದೆ." ಇಂಡಿಯನ್ ಆಯಿಲ್ ಹೆಸರಿನ ಈ ಮೆಸೇಜನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗ್ರೂಪ್‌ಗಳಲ್ಲಿ ನೀವೂ ನೋಡಿರಬಹುದು. ಇದು ಸುಳ್ಳು ಎಂದು ಆ ಕಂಪನಿಯೇ ಹೇಳಿದೆ. ವಾಹನ ತಯಾರಕರು ಸೂಚಿಸಿದ ಮಿತಿಯವರೆಗೆ ಬೇಸಿಗೆಯಲ್ಲೂ ತುಂಬಿಸಬಹುದು.

ಹಾಗಾದರೆ ಟ್ಯಾಂಕ್ ಸಿಡಿಯುವುದೇ ಇಲ್ಲವೇ?

ಸಿಡಿಯುತ್ತದೆ. ಆದರೆ ಸಿಡಿಯುವುದು ಎಣ್ಣೆಯಲ್ಲ, ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆತ ಅದರ ಆವಿ. ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟವಾಗಿರುತ್ತದೆ ಎಂದರೆ, ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ವಿಮಾನದ ಕಥೆ ಬೇರೆ. ಅದಕ್ಕೆ ಹಾಕುವುದು ಸೀಮೆಎಣ್ಣೆಯಂಥ ಇಂಧನ. ಹೆಚ್ಚುಕಡಿಮೆ ಖಾಲಿಯಾದ ಟ್ಯಾಂಕ್ ಬಿಸಿಯಾದರೆ ಒಳಗೆ ಉರಿಯಬಲ್ಲ ಆವಿ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಕಿಡಿ ಸಾಕು.

ಅಮೆರಿಕದಲ್ಲಿ ಏನಾಯಿತು?

1996ರ ಜುಲೈ 17ರಂದು ನ್ಯೂಯಾರ್ಕ್‌ನಿಂದ ಹೊರಟ ಟಿಡಬ್ಲ್ಯೂಎ 800 ವಿಮಾನದ ಮಧ್ಯದ ಟ್ಯಾಂಕ್ ಸಿಡಿದು 230 ಜನ ಸತ್ತರು. ಅದು 25 ವರ್ಷ ಹಳೆಯ ಬೋಯಿಂಗ್ 747. ಟ್ಯಾಂಕಿನೊಳಗೆ ಸಾರಜನಕ ತುಂಬಿ ಆಮ್ಲಜನಕ ಕಡಿಮೆ ಮಾಡಿದರೆ ಕಿಡಿ ಹಾರಿದರೂ ಬೆಂಕಿ ಹತ್ತದು. ಈ ಉಪಾಯ ಮೊದಲೇ ಗೊತ್ತಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ತನಿಖಾ ಮಂಡಳಿ ಇದನ್ನು ಶಿಫಾರಸು ಮಾಡಿತು. ಖರ್ಚು ಜಾಸ್ತಿ ಎಂಬ ವಾದದಲ್ಲಿ ವರ್ಷಗಳು ಕಳೆದವು. 2001ರಲ್ಲಿ ಬಂದ ನಿಯಮ ಮುಖ್ಯವಾಗಿ ಕಿಡಿ ತಡೆಯುವುದಕ್ಕೆ ಒತ್ತು ಕೊಟ್ಟಿತು.

ಬೆಂಗಳೂರಿನಲ್ಲಿ ಏನಾಯಿತು?

2006ರ ಮೇ 4ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮಲೇಷ್ಯಾದ ಟ್ರಾನ್ಸ್‌ಮೈಲ್ ಕಂಪನಿಯ ಬೋಯಿಂಗ್ 727 ಸರಕು ವಿಮಾನ ನೆಲದ ಮೇಲಿದ್ದಾಗಲೇ ಅದರ ಎಡ ರೆಕ್ಕೆಯ ಟ್ಯಾಂಕ್ ಸಿಡಿಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಟ್ಯಾಂಕಿನೊಳಗಿನ ಪಂಪ್‌ನ ವೈರ್‌ನಲ್ಲಿ ಕಿಡಿ ಹಾರಿದ ಗುರುತು ಸಿಕ್ಕಿತು. ಬರೀ ಕಿಡಿ ತಡೆದರೆ ಸಾಲದು, ಆವಿಯನ್ನೂ ಪಳಗಿಸಬೇಕು ಎಂಬುದಕ್ಕೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಮುಂದೆ ಈ ಘಟನೆಯನ್ನೂ ಉದಾಹರಿಸಿತು.

ನಿಯಮ ಬಂದದ್ದು ಯಾವಾಗ?

2008ರ ಜುಲೈನಲ್ಲಿ, ಅಂದರೆ ದುರಂತವಾಗಿ 12 ವರ್ಷಕ್ಕೆ. ಓಡಾಡುತ್ತಿದ್ದ ವಿಮಾನಗಳಿಗೆ ಇದನ್ನು ಅಳವಡಿಸಲು 2017ರವರೆಗೆ ಸಮಯ ಸಿಕ್ಕಿತು. ಹಳೆಯ ಸರಕು ವಿಮಾನಗಳಿಗೆ ಅದು ಕಡ್ಡಾಯವೇ ಆಗಲಿಲ್ಲ.

ವಿಮಾನ ಹತ್ತಲು ಹೆದರಬೇಕೇ?

ಬೇಡ. ಇಂಥ ಸ್ಫೋಟಗಳು ತೀರಾ ಅಪರೂಪ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಸಾರಜನಕದ ವ್ಯವಸ್ಥೆ ಮೊದಲಿಂದಲೇ ಇದೆ.

ನೆನಪಿಡಿ: ಬೈಕಿನ ಟ್ಯಾಂಕ್ ಮಿತಿಯವರೆಗೆ ತುಂಬಿಸಿ. ಆದರೆ ಮುಚ್ಚಳ ತೆಗೆದಾಗ ಹೊರಬರುವ ಆವಿ ಗಾಳಿಯಲ್ಲಿ ಬೆರೆಯುತ್ತದೆ; ಅಲ್ಲಿ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.